ಪಾಯಸಕ್ಕೆ ಕಾದವನು

ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಯಾರೂ ಮಲಗುವುದಿಲ್ಲ. ಚಪ್ಪರದಡಿ ಮೆಟ್ಟುಗತ್ತಿಗಳ ಸಾಲು, ಅಂಗಳದ ಮೂಲೆಯಲ್ಲಿ ಹಂಡೆ ತುಂಬ ಬೇಯುವ ಅಡಿಕೆ, ಉಟ್ಟ ಬಟ್ಟೆಗೆಲ್ಲ ಹತ್ತುವ ಚೊಗರಿನ ವಾಸನೆ. ಕುಂಟೆ ದೂಡುವ ನೆಪ ಮಾಡಿಕೊಂಡು ಒಬ್ಬೊಬ್ಬರೇ ಬಂದು ಒಲೆಯ ಬಾಯಿಗೆ ಕೈ ಚಾಚಿ ಕೂರುತ್ತಾರೆ. ಹಾಗೆ ಕೂತಿದ್ದಾಗ ಒಂದು ರಾತ್ರಿ ಅವನು ಕೇಳಿದ: "ನೀನು ಪಂಜಾಬಿಗೆ ಹೋಗಿ ಪಾತ್ರೆ ತೊಳೆದು ಬಂದೆಯಂತೆ. ಹೌದನಾ ಮಾರಾಯ?"

ಅವನು ಅಂದರೆ ನಾಲ್ಕನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತವನು. ಸಾಗರದಲ್ಲಿ ಪಂಕ್ಚರ್ ಅಂಗಡಿಯಿಂದ ಶುರುಮಾಡಿ ಈಗ ಎರಡು ಗೂಡ್ಸ್ ಗಾಡಿ ಇಟ್ಟಿದ್ದಾನೆ. ನಮ್ಮ ಮನೆಯ ಅಡಿಕೆ ಮಂಡಿಗೆ ಹೋಗುವುದು ಅವನ ಗಾಡಿಯಲ್ಲೇ. ಪಾತ್ರೆ ತೊಳೆದ ಸುದ್ದಿ ನನ್ನ ಹೆಂಡತಿಯಿಂದ ಅವನ ಹೆಂಡತಿಗೆ ಹೋಗಿ, ದಾರಿಯಲ್ಲಿ ಒಂದಿಷ್ಟು ಮಸಾಲೆ ಸೇರಿಸಿಕೊಂಡು ಅವನನ್ನು ಮುಟ್ಟಿತ್ತು. ಹೌದು ಎಂದು ಅಲ್ಲಿಗೇ ಮುಗಿಸಬಹುದಿತ್ತು. ಬೆಂಕಿ ಚೆನ್ನಾಗಿ ಹತ್ತಿಕೊಂಡಿತ್ತು, ಲೋಡು ಮಾಡಲು ಇನ್ನೂ ಎರಡು ಗಂಟೆ ಇತ್ತು. ಹೇಳತೊಡಗಿದೆ.

ಅದು 2013ರ ಜನವರಿ. ಬ್ಯಾಂಕಿನವರು ಇನ್‌ಸ್ಪೆಕ್ಷನ್ ಕೆಲಸಕ್ಕೆಂದು ನನ್ನನ್ನು ಮೂರು ವಾರ ಅಮೃತಸರಕ್ಕೆ ಹಾಕಿದ್ದರು. ದೆಹಲಿಯಿಂದ ಮುಂದಕ್ಕೆ ರೈಲು ಮಂಜಿನಲ್ಲಿ ತಡಕಾಡಿಕೊಂಡು ಹೋಯಿತು. ಮಧ್ಯಾಹ್ನ ಇಳಿಯಬೇಕಾದವನು ರಾತ್ರಿ ಇಳಿದೆ. ಮಲೆನಾಡಿನವನಿಗೆ ಮಂಜು ಹೊಸದಲ್ಲ, ಆದರೆ ನಮ್ಮ ಮಂಜು ಬಿಸಿಲು ಬಂದರೆ ಎದ್ದು ಹೋಗುತ್ತದೆ. ಅಲ್ಲಿಯದು ಬಾಡಿಗೆ ಕೊಡದೆ ಕೂತ ಒಕ್ಕಲಿನ ಹಾಗೆ, ಮಧ್ಯಾಹ್ನವಾದರೂ ಕದಲುತ್ತಿರಲಿಲ್ಲ. ರಾತ್ರಿ ನಾಲ್ಕೈದು ಡಿಗ್ರಿ. ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಎರಡು ರಜಾಯಿ ಹೊದ್ದು ಮಲಗಿದರೂ ಪಾದ ಬೆಚ್ಚಗಾಗುತ್ತಿರಲಿಲ್ಲ. ನನ್ನ ಹಿಂದಿ ವೋಚರ್ ಕೇಳುವಷ್ಟು ಮಾತ್ರ. ಆಫೀಸು ಮುಗಿದ ಮೇಲೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಹಾಗಾಗಿ ನಡೆಯಲು ಶುರುಮಾಡಿದೆ.

ಹಾಲ್ ಗೇಟು ದಾಟಿದರೆ ಹಾಲ್ ಬಜಾರು. ಹಪ್ಪಳ, ವಡಿಗಳ ಅಂಗಡಿಗಳು ಒಂದರ ಪಕ್ಕ ಒಂದು. ಅಲ್ಲಿಯ ವಡಿ ಅಂದರೆ ಉದ್ದಿನ ಹಿಟ್ಟಿಗೆ ಮೆಣಸು ಮಸಾಲೆ ಹಾಕಿ ಒಣಗಿಸಿದ ಮುದ್ದೆ. ನಮ್ಮ ಸಂಡಿಗೆಯ ದೊಡ್ಡಣ್ಣನ ಹಾಗಿತ್ತು, ಅದನ್ನು ಕಂಡು ಊರಿನವರು ಸಿಕ್ಕಷ್ಟು ಖುಷಿಯಾಯಿತು. ಕೇರಿಗಳಿಗೆ ಕಟ್ಡಾ ಎನ್ನುತ್ತಾರೆ. ಒಂದು ಕಟ್ಡಾದಲ್ಲಿ ಬರೀ ಪಾತ್ರೆ, ಇನ್ನೊಂದರಲ್ಲಿ ಬರೀ ಶಾಲು. ಸೈಕಲ್ ರಿಕ್ಷಾದವರು ಮೈಗೆ ಗೋಣಿಚೀಲದಂಥ ಕಂಬಳಿ ಸುತ್ತಿಕೊಂಡು, ಮಂಜಿನೊಳಗಿಂದ ಮೊದಲು ಗಂಟೆಯಾಗಿ ಆಮೇಲೆ ಮನುಷ್ಯರಾಗಿ ಬರುತ್ತಿದ್ದರು.

ಮೊದಲ ಭಾನುವಾರ ಜಲಿಯನ್‌ವಾಲಾ ಬಾಗಿಗೆ ಹೋದೆ. ಪುಸ್ತಕದಲ್ಲಿ ಓದಿದವರಿಗೆ ಅಲ್ಲಿಯ ಓಣಿ ಅರ್ಥವಾಗುವುದಿಲ್ಲ. ಎರಡು ಮೂರು ಜನ ಜೊತೆಯಾಗಿ ನಡೆದರೆ ತುಂಬಿಹೋಗುವ ಓಣಿ. 1919ರ ಏಪ್ರಿಲ್ 13ರಂದು ಸಿಪಾಯಿಗಳು ನುಗ್ಗಿದ್ದು ಅಲ್ಲಿಂದಲೇ. ಗೋಡೆಯ ಇಟ್ಟಿಗೆಯಲ್ಲಿ ಗುಂಡಿನ ತೂತುಗಳಿಗೆ ಚೌಕಟ್ಟು ಹಾಕಿ ಇಟ್ಟಿದ್ದಾರೆ. ನನ್ನ ಕಣ್ಣು ಅವು ಎಷ್ಟು ಎತ್ತರದಲ್ಲಿವೆ ಎಂದು ಅಳೆಯುತ್ತಿತ್ತು: ಕೆಲವು ನನ್ನ ಎದೆಯ ಮಟ್ಟ, ಕೆಲವು ಮಗುವಿನ ತಲೆಯ ಮಟ್ಟ. ಹೊರಗೆ ಬಂದವನಿಗೆ ವಾಪಸು ಲಾಡ್ಜಿಗೆ ಹೋಗುವ ಮನಸ್ಸಾಗಲಿಲ್ಲ. ಜನ ಹೋಗುತ್ತಿದ್ದ ಕಡೆ ನಾನೂ ಹೋದೆ. ಐದು ನಿಮಿಷಕ್ಕೆ ಹರ್‌ಮಂದಿರ್ ಸಾಹಿಬ್, ನಾವು ಸ್ವರ್ಣಮಂದಿರ ಎನ್ನುವ ಗುಡಿಯ ಬಾಗಿಲಲ್ಲಿದ್ದೆ.

ಚಪ್ಪಲಿ ಇಡುವ ಜೋಡಾ ಘರಿನಲ್ಲಿ ನನ್ನ ಬೂಟನ್ನು ತೆಗೆದುಕೊಂಡವರು ಒಳ್ಳೆಯ ಕೋಟು, ಕೈಗೆ ದುಬಾರಿ ವಾಚು ಕಟ್ಟಿದ್ದ ಹಿರಿಯರು. ಎರಡೂ ಕೈ ಚಾಚಿ, ಪ್ರಸಾದ ತೆಗೆದುಕೊಂಡ ಹಾಗೆ ತೆಗೆದುಕೊಂಡು, ಬಿಲ್ಲೆ ಕೊಟ್ಟರು. ನನಗೆ ಮುಜುಗರವಾಯಿತು, ಮೂರು ದಿನದ ಕಾಲುಚೀಲ ಅದರೊಳಗೇ ಇತ್ತು. ತಲೆಗೆ ಬುಟ್ಟಿಯಲ್ಲಿದ್ದ ಕೇಸರಿ ವಸ್ತ್ರ ಕಟ್ಟಿಕೊಂಡು, ಕಾಲು ತೊಳೆಯುವ ಕಾಲುವೆ ದಾಟಿ ಅಮೃತಶಿಲೆಯ ಮೇಲೆ ಕಾಲಿಟ್ಟರೆ ನೆತ್ತಿಯವರೆಗೆ ಚಳಿ ಹತ್ತಿತು. ಸರೋವರದ ನಡುವೆ ಮಂಜಿನಲ್ಲಿ ಚಿನ್ನದ ಗುಡಿ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ. ಅದಕ್ಕೆ ಚಿನ್ನ ಹೊದಿಸಿದ್ದು ಮಹಾರಾಜ ರಣಜಿತ್ ಸಿಂಗ್. ಅದನ್ನು ನೋಡುತ್ತ ಎಷ್ಟೋ ಹೊತ್ತು ನಿಂತೆ ಎಂದು ಹೇಳಿದರೆ ಚೆಂದ. ನಿಜ ಏನೆಂದರೆ ನನಗೆ ಹಸಿವಾಗಿತ್ತು, ತಟ್ಟೆಗಳ ಸದ್ದು ಬರುತ್ತಿದ್ದ ಕಡೆ ಹೋದೆ.

ಒಬ್ಬ ತಟ್ಟೆ ಕೈಗಿಟ್ಟ, ಇನ್ನೊಬ್ಬ ಬಟ್ಟಲು, ಮತ್ತೊಬ್ಬಳು ಚಮಚ. ದೊಡ್ಡ ಸಭಾಂಗಣದಲ್ಲಿ ಉದ್ದಕ್ಕೂ ಪಟ್ಟಿ ಹಾಸಿದ್ದರು. ಹಿಂದಿನವರು ನನ್ನನ್ನು ಮುಂದಕ್ಕೆ ಒತ್ತಿದರು, ಮುಂದಿನವನು ಕೂತ, ನಾನೂ ಕೂತೆ. ಪಂಗತ್ ಎನ್ನುತ್ತಾರೆ. ನಮ್ಮ ಪಂಕ್ತಿಯೇ, ಬಾಯಿಂದ ಬಾಯಿಗೆ ಸವೆದಿದೆ ಅಷ್ಟೆ. ಎಡಕ್ಕೆ ಒಬ್ಬ ರಿಕ್ಷಾದವನು, ಪ್ಯಾಂಟಿನ ತುದಿ ಚೈನಿಗೆ ಸಿಗದಂತೆ ದಾರ ಕಟ್ಟಿಕೊಂಡಿದ್ದ. ಬಲಕ್ಕೆ ಮದುವೆ ಮನೆಯಿಂದ ಎದ್ದು ಬಂದಂತಿದ್ದ ಕುಟುಂಬ. ಕೂತವನು ಅಭ್ಯಾಸಬಲದಿಂದ ತಲೆಯೆತ್ತಿ ಸಾಲಿನ ಕೊನೆಗೆ ನೋಡಿದೆ, ಯಾರಾದರೂ ಬರುತ್ತಿದ್ದಾರೆಯೇ ಎಂದು. ಬಂದ, ಒಬ್ಬ ಹುಡುಗ. ಕೈಯಲ್ಲಿ ರೊಟ್ಟಿಯ ಬುಟ್ಟಿ. "ಪರ್ಷಾದಾ ಜೀ, ಪರ್ಷಾದಾ" ಎಂದು ಕೂಗಿಕೊಂಡು ಬಂದವನು ನನ್ನ ಮುಂದೆ ನಿಂತ. ತಟ್ಟೆ ತೋರಿಸಿದೆ. ಹಾಕಲಿಲ್ಲ. ಒಂದು ಕೈ ಚಾಚಿದೆ. ಹಾಕಲಿಲ್ಲ. ರಿಕ್ಷಾದವನು ತನ್ನೆರಡು ಕೈಯನ್ನೂ ಜೋಡಿಸಿ ಬೊಗಸೆ ಮಾಡಿ ತೋರಿಸಿದ. ಆಮೇಲೆ ರೊಟ್ಟಿ ಬಿತ್ತು.

ಇಡೀ ಉದ್ದು, ಕಡಲೆಬೇಳೆ ಸೇರಿಸಿ ಬೇಯಿಸಿದ ದಾಲು ಬಂತು. ಉದ್ದು ನಮಗೆ ದೋಸೆಗೆ, ಹೆಚ್ಚೆಂದರೆ ಒಗ್ಗರಣೆಗೆ. ಅದನ್ನೇ ಸಾರು ಮಾಡಿ ಉಣ್ಣುವವರನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಪಲ್ಯ ಬಂತು. ಕೊನೆಗೆ ಬಕೆಟ್ಟಿನಲ್ಲಿ ಖೀರು ಬಂತು. ಅಕ್ಕಿ, ಹಾಲು, ಸಕ್ಕರೆ. ಬಟ್ಟಲಿಗೆ ಬಿದ್ದ ಖೀರನ್ನು ನೋಡಿದಾಗ ನನಗೆ—

ಇಲ್ಲಿ ನನ್ನ ನಾಲಿಗೆ ತಡೆಯಿತು. ಒಲೆಯ ಮುಂದೆ ಕೂತವನು ಕುಂಟೆಯನ್ನು ಒಳಕ್ಕೆ ದೂಡಿ, "ಏನಾಯ್ತು?" ಎಂದ. "ಏನಿಲ್ಲ, ಬಹಳ ಬಿಸಿ ಇತ್ತು" ಎಂದೆ. ಅವನಿಗೆ ಆಗ ಹೇಳದ್ದನ್ನು ಓದುವವರಿಗೆ ಹೇಳಿಬಿಡುತ್ತೇನೆ.

1976ನೇ ಇಸವಿ. ನಮ್ಮ ಕಡೆಯ ಒಂದು ದೇವಸ್ಥಾನದ ತೇರು. ನಾನು, ಅವನು ಬೆಳಗ್ಗಿಂದ ಬೆಂಡು ಬತ್ತಾಸು, ಪೀಪಿ, ತಿರುಗುವ ತೊಟ್ಟಿಲು ಎಂದು ಅಲೆದು, ಊಟದ ಗಂಟೆ ಹೊಡೆದಾಗ ಓಡಿಹೋಗಿ ಒಳಗಿನ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತೆವು. ಎಲೆ ಬಿತ್ತು, ನೀರು ಚಿಮುಕಿಸಿ ಒರೆಸಿದೆವು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ಅನ್ನದ ಮೇಲೆ ತೊವ್ವೆ ಬಿದ್ದಿತ್ತು. ಸಾಲು ನೋಡಿಕೊಂಡು ಬರುತ್ತಿದ್ದವರೊಬ್ಬರು ನಮ್ಮ ಮುಂದೆ ನಿಂತರು. ನನ್ನನ್ನು ನೋಡಿ "ನೀನು ಯಾರ ಪೈಕಿ ಮಾಣಿ?" ಎಂದರು. ಅಪ್ಪನ ಹೆಸರು ಹೇಳಿದೆ, ತಲೆಯಾಡಿಸಿದರು. ಅವನನ್ನು ಕೇಳಿದರು. ಅವನೂ ತನ್ನ ಅಪ್ಪನ ಹೆಸರನ್ನು ನನ್ನಷ್ಟೇ ಜೋರಾಗಿ ಹೇಳಿದ. "ಏಳು. ನಿಮಗೆಲ್ಲ ಹೊರಗೆ ಹಾಕುತ್ತಾರೆ." ಬೈಯಲಿಲ್ಲ, ಕೈ ಮಾಡಲಿಲ್ಲ, ಬಸ್ಸಿನಲ್ಲಿ ಸೀಟು ತೋರಿಸುವ ಕಂಡಕ್ಟರನ ದನಿ. ಅವನು ಎದ್ದ. ನನ್ನನ್ನು ಒಮ್ಮೆ ನೋಡಿದ. ನಾನು ಎಲೆ ನೋಡಿದೆ. ಅವನ ಎಲೆಯನ್ನು ಯಾರೋ ಮಡಿಸಿ ಎತ್ತಿದರು. ಆ ಜಾಗದಲ್ಲಿ ಬೇರೆ ಎಲೆ ಹಾಕಿ ಬೇರೆ ಯಾರನ್ನೋ ಕೂರಿಸಿದರು. ಒಳಗಿನಿಂದ ಏಲಕ್ಕಿಯ ಘಮ ಬರುತ್ತಿತ್ತು. ನಾನು ಪಾಯಸಕ್ಕೆ ಕಾದು ಕೂತೆ.

ಆಮೇಲೆ ಅವನು ಹೊರಗೆ ಉಂಡನೋ, ಹಾಗೇ ಮನೆಗೆ ಹೋದನೋ ನಾನು ಕೇಳಿರಲಿಲ್ಲ. ಮೂವತ್ತೇಳು ವರ್ಷವಾದರೂ ಕೇಳಿರಲಿಲ್ಲ.

ಅಮೃತಸರದ ಆ ಖೀರನ್ನು ತಿಂದು ಮುಗಿಸಿ, ತಟ್ಟೆ ಕೊಡಲು ಹೋದವನು ತೊಳೆಯುವ ಜಾಗದಲ್ಲಿ ನಿಂತುಬಿಟ್ಟೆ. ಮರುದಿನ ಸಂಜೆ ಆಫೀಸಿನಿಂದ ನೆಟ್ಟಗೆ ಅಲ್ಲಿಗೇ ಹೋಗಿ ಒಬ್ಬರನ್ನು "ಸೇವಾ?" ಎಂದು ಕೇಳಿದೆ. ಅರ್ಜಿಯೋ ಹೆಸರು ಬರೆಸುವುದೋ ಇರಬೇಕು ಎಂದುಕೊಂಡಿದ್ದೆ. ಬ್ಯಾಂಕಿನವನ ಬುದ್ಧಿ, ಜೇಬಿನಲ್ಲಿ ಗುರುತಿನ ಚೀಟಿ ಬೇರೆ ಇಟ್ಟುಕೊಂಡಿದ್ದೆ. ಅವರು ಗದ್ದದಿಂದ ಬೆಳ್ಳುಳ್ಳಿಯ ರಾಶಿ ತೋರಿಸಿ ಹೋಗಿಬಿಟ್ಟರು.

ಮೊದಲ ದಿನ ಬೆಳ್ಳುಳ್ಳಿ ಬಿಡಿಸಿದೆ. ಸುತ್ತ ಕೂತವರಲ್ಲಿ ಕಾಲೇಜು ಹುಡುಗಿಯರು, ಮಿಲಿಟರಿಯಿಂದ ನಿವೃತ್ತರಾದಂತೆ ಕಾಣುತ್ತಿದ್ದ ಒಬ್ಬರು, ಎರಡು ಬೆಳ್ಳುಳ್ಳಿಗೆ ಒಂದು ಕಥೆ ಹೇಳುತ್ತಿದ್ದ ಅಜ್ಜಿ. ಭಾಷೆ ತಿಳಿಯದಿದ್ದರೂ ಕಥೆ ಸೊಸೆಯದೆಂದು ಗೊತ್ತಾಗುತ್ತಿತ್ತು. ಎರಡನೇ ದಿನ ತಟ್ಟೆ ತೊಳೆಯಲು ನಿಂತೆ. ಇದನ್ನು ಹೇಳಲೇಬೇಕು. ನಾನು ಎಂಜಲು ಎಂಬ ಮಾತು ಕೇಳುತ್ತಲೇ ಬೆಳೆದವನು. ಉಂಡ ಜಾಗಕ್ಕೆ ಗೋಮಯ ಹಚ್ಚದೆ ಆ ಕಡೆ ಹಾಯಬಾರದು, ಲೋಟ ಕಚ್ಚಿ ಕುಡಿಯಬಾರದು. ಯಾರೋ ಉಂಡ ತಟ್ಟೆ ದಾಲು ಮೆತ್ತಿಕೊಂಡು ನನ್ನ ಕಡೆ ಹಾರಿ ಬಂದಾಗ ತಲೆ ಒಪ್ಪಿತ್ತು, ಬೆರಳು ಒಪ್ಪಲಿಲ್ಲ. ಅಂಚು ಮಾತ್ರ ಹಿಡಿದು ತೊಳೆಯುತ್ತಿದ್ದೆ. ಪಕ್ಕದವನು ನನ್ನ ಮೂರರಷ್ಟು ವೇಗದಲ್ಲಿ ಮುಗಿಸುತ್ತಿದ್ದ. ಒಂದೊಂದು ತಟ್ಟೆಯೂ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ, ಒಂದು ಕೈಯಿಂದ ಇನ್ನೊಂದಕ್ಕೆ ದಾಟಿ ಹೊಳೆಯುತ್ತ ಹೊರಬೀಳುತ್ತಿತ್ತು. ತಗಡಿನ ಮಾಡಿನ ಮೇಲೆ ನಿಲ್ಲದೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಅರ್ಧ ಗಂಟೆಯಾದ ಮೇಲೆ ನೋಡಿಕೊಂಡರೆ ಎರಡೂ ಕೈ ಮೊಣಕೈವರೆಗೆ ನೀರಿನಲ್ಲಿತ್ತು. ಯಾವಾಗ ಇಳಿಯಿತೋ ತಿಳಿಯದು.

ದಿನಕ್ಕೆ ಐವತ್ತು ಸಾವಿರದಿಂದ ಲಕ್ಷ ಜನ ಉಣ್ಣುತ್ತಾರೆ ಎಂಬ ಲೆಕ್ಕ ಹೇಳುತ್ತಾರೆ, ಹಬ್ಬದ ದಿನ ಅದಕ್ಕೂ ಹೆಚ್ಚು. ಅಡುಗೆಮನೆ ಹಗಲು ರಾತ್ರಿ ಮುಚ್ಚುವುದೇ ಇಲ್ಲ. ಒಂದು ಕಡೆ ಹೆಂಗಸರು ಸಾಲಾಗಿ ಕೂತು ಲಟ್ಟಿಸುತ್ತಾರೆ, ಇನ್ನೊಂದು ಕಡೆ ರೊಟ್ಟಿಯ ಯಂತ್ರವೇ ಇದೆ. ಸಂಬಳದ ಆಳುಗಳು ಕೆಲವರಿದ್ದಾರೆ, ಉಳಿದದ್ದೆಲ್ಲ ನನ್ನಂಥ ದಾರಿಹೋಕರ ಕೈ. ನಮ್ಮಲ್ಲೂ ಸಾವಿರಾರು ಜನಕ್ಕೆ ದಿನವೂ ಅನ್ನ ಹಾಕುವ ಧರ್ಮಸ್ಥಳ, ಸಿದ್ಧಗಂಗೆ ಇವೆ. ಹಾಗಾಗಿ ಅನ್ನದ ರಾಶಿ ನೋಡಿ ನಾನು ಬೆರಗಾಗಲಿಲ್ಲ. ಬೆರಗಾದದ್ದು ಬೇರೆಯದಕ್ಕೆ. ನಾಲ್ಕು ದಿನವಾಯಿತು, ಐದು ದಿನವಾಯಿತು, ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಹೆಸರು ಕೂಡ.

ಐದನೇ ಸಂಜೆ ನನ್ನ ಪುಣ್ಯ, ದಾಲಿನ ಕಡಾಯಿಯ ಹತ್ತಿರ ಕಳಿಸಿದರು. ಕೆಳಗೆ ಸೌದೆಯ ಬೆಂಕಿ. ಆ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಮೈ ಬೆಚ್ಚಗಾಯಿತು. ಕಡಾಯಿಯೋ, ನಮ್ಮ ಅಡಿಕೆ ಹಂಡೆಗಳು ಅದರ ಮೊಮ್ಮಕ್ಕಳಂತೆ ಕಾಣುವಷ್ಟು ದೊಡ್ಡದು. ದೋಣಿಯ ಹುಟ್ಟಿನಂಥ ಸಟ್ಟುಗ ಹಿಡಿದು ತಳ ಹತ್ತದಂತೆ ತಿರುವಬೇಕು. ನೀಲಿ ಪೇಟದ ಒಬ್ಬ ಮುದುಕರು ಅಲ್ಲಿಯ ಯಜಮಾನಿಕೆ ಮಾಡುತ್ತಿದ್ದರು. ನನ್ನ ತಿರುವಿಕೆ ನೋಡಿ ಮಾತಿಲ್ಲದೆ ಸಟ್ಟುಗ ಕಿತ್ತುಕೊಂಡು, ತೋಳಿನಿಂದಲ್ಲ ಸೊಂಟದಿಂದ ತಿರುವಬೇಕೆಂದು ತೋರಿಸಿಕೊಟ್ಟರು. ಹಳೆಯ ನಿಹಂಗ್ ಸಿಖ್ ಯೋಧರ ಮಾತುಗಳನ್ನು ಕಲಿಸಿದವರೂ ಅವರೇ. ಉಪ್ಪಿಗೆ ಸರಬ್‌ರಸ್, ಅಂದರೆ ಎಲ್ಲ ರಸ. ಕಡಲೆಗೆ ಬದಾಮಿ. ಮೆಣಸಿನಕಾಯಿಗೆ ಲಡಾಕಿ, ಜಗಳಗಂಟಿ. ಒಬ್ಬನೇ ಸಿಖ್ ಬಂದರೆ ಸವಾ ಲಾಖ್ ಬಂದ, ಒಂದೂಕಾಲು ಲಕ್ಷದ ಪಡೆ ಬಂತು ಎನ್ನಬೇಕು. ಕಾಡಿನಲ್ಲಿ ಹಸಿದುಕೊಂಡು ಮೊಗಲರ ಜೊತೆ ಹೋರಾಡಿದ ಕಾಲದ ಮಾತುಗಳಿವು. ಕೈಯಲ್ಲಿ ಕಡಲೆ ಮಾತ್ರ ಇದ್ದವನು ಬದಾಮಿ ತಿನ್ನುತ್ತಿದ್ದೇನೆ ಎಂದು ಹೇಳಿಕೊಳ್ಳುವ ಗತ್ತು ನನಗೆ ಬಹಳ ಹಿಡಿಸಿತು.

ಎಲ್ಲರಿಗೂ ಹಾಕುವ ಈ ಸಾಲೂಟಕ್ಕೆ ಲಂಗರು ಎನ್ನುತ್ತಾರೆ. ಅದರ ಕಥೆಯನ್ನೂ ಅವರೇ ಕೈಸನ್ನೆ ಬಾಯ್ಸನ್ನೆಯಲ್ಲಿ ಹೇಳಿದರು. ಎರಡನೇ ಗುರು ಅಂಗದರ ಹೆಂಡತಿ ಮಾತಾ ಖೀವಿ ಲಂಗರು ನೋಡಿಕೊಳ್ಳುತ್ತಿದ್ದಳು, ಆಕೆ ಬಡಿಸುತ್ತಿದ್ದ ತುಪ್ಪದ ಖೀರಿನ ಮಾತು ಗ್ರಂಥ ಸಾಹಿಬ್‌ನಲ್ಲೇ ಬಂದಿದೆ. ಮೂರನೇ ಗುರು ಅಮರದಾಸರು ಮೊದಲು ಪಂಗತ್, ಆಮೇಲೆ ದರ್ಶನ ಎಂದರು. ಗೋಯಿಂದವಾಲಕ್ಕೆ ಬಂದ ಅಕ್ಬರನೂ ನೆಲದ ಮೇಲೆ ಕೂತು ಉಂಡೇ ಗುರುವನ್ನು ಕಂಡ ಎನ್ನುತ್ತಾರೆ. ಬಾದಶಹನ ಅಕ್ಕಪಕ್ಕ ಯಾರು ಕೂತಿದ್ದರು ಎಂದು ಕೇಳಬೇಕೆನಿಸಿತು. ಕೇಳುವಷ್ಟು ಹಿಂದಿ ಇರಲಿಲ್ಲ.

ಬಡಿಸಲು ಬಿಟ್ಟದ್ದು ಎರಡನೇ ಭಾನುವಾರ. ಬಡಿಸುವುದು ನನಗೇನು ಹೊಸದೇ? ಎಲೆಯ ತುದಿ ಎಡಕ್ಕೆ, ಉಪ್ಪು ಮೊದಲು. "ಬಡಿಸುವವನ ಕಣ್ಣು ಎಲೆಯ ಮೇಲಿರಬೇಕು, ಮುಖದ ಮೇಲಲ್ಲ" ಎಂದು ಅಪ್ಪ ಕಲಿಸಿದ್ದರು. ಎಷ್ಟು ಮದುವೆ, ಎಷ್ಟು ಸಮಾರಾಧನೆಗಳಲ್ಲಿ ಓಡಾಡಿದವನು ನಾನು. ರೊಟ್ಟಿಯ ಬುಟ್ಟಿ ತಗುಲಿಸಿಕೊಂಡು ಜೋರಿನಿಂದ ಹೊರಟವನು ಮೂರನೆಯವರಿಗೇ ತಪ್ಪಿದೆ. ಒಬ್ಬರು ಕಣ್ಣು ಕಾಣದ ಮುದುಕಿ, ಎರಡು ಕೈ ಚಾಚಿ ಕೂತಿದ್ದರು. ನಾನು ಬೇಗ ಮುಗಿಯಲೆಂದು ರೊಟ್ಟಿಯನ್ನು ಅವರ ತಟ್ಟೆಗೆ ಎಸೆದು ಮುಂದೆ ಹೋದೆ. ಅವರ ಕೈ ಹಾಗೇ ಗಾಳಿಯಲ್ಲಿ ಕಾಯುತ್ತಿತ್ತು. ಹಿಂದೆ ದಾಲು ತರುತ್ತಿದ್ದ ಹುಡುಗ ನನ್ನ ತೋಳು ಹಿಡಿದು ವಾಪಸು ಕರೆತಂದ. ಬಾಗಿ, ಎರಡು ಕೈಯಿಂದ, ಆ ಎರಡು ಕೈಗೆ ಇಟ್ಟೆ. "ವಾಹೆಗುರು" ಎಂದರು ಮುದುಕಿ.

ಅಲ್ಲಿಂದ ಮುಂದೆ ನಾನು ನೋಡಿದ್ದು ಕೈಗಳನ್ನು ಮಾತ್ರ. ಬೊಗಸೆಯಾಗಿ ಮೇಲೆದ್ದ ಕೈ, ಅದಕ್ಕೆ ರೊಟ್ಟಿ, ಮತ್ತೆ ಕೈ. ಸಿಮೆಂಟು ತಿಂದು ಬಿರಿದ ಕೈ. ಮದರಂಗಿ ಇನ್ನೂ ಕೆಂಪಗಿದ್ದ ಕೈ, ಬಳೆ ಮೊಣಕೈವರೆಗೆ. ನಡುಬೆರಳು ಅರ್ಧವೇ ಇದ್ದ ಕೈ. ಗ್ರೀಸು ಉಗುರಿನ ಸಂದಿಗೆ ಹೋಗಿ ಕೂತ ಕೈ, ಇದು ಸಾಗರದ ಒಂದು ಪಂಕ್ಚರ್ ಅಂಗಡಿಯಲ್ಲಿ ನಾನು ಎಷ್ಟೋ ಸಲ ನೋಡಿದ ಉಗುರು. ಮಗುವೊಂದು ಎರಡು ಅಂಗೈ ಸೇರಿಸಿದರೂ ರೊಟ್ಟಿಯಷ್ಟು ಅಗಲವಾಗಲಿಲ್ಲ, ಮಡಿಸಿ ಇಟ್ಟೆ. ಅಪ್ಪನ ಮಾತಿನಂತೆ ಮುಖ ನೋಡಿರಲಿಲ್ಲ. ಆದರೆ ಅಪ್ಪನ ಪಂಕ್ತಿಯಲ್ಲಿ ಮುಖ ನೋಡುವ ಅಗತ್ಯ ಬೀಳದಂತೆ ಮೊದಲೇ ಆರಿಸಿ ಕೂರಿಸಿರುತ್ತಿದ್ದರಲ್ಲ.

ಹೊರಡುವ ಹಿಂದಿನ ರಾತ್ರಿ ನೀಲಿ ಪೇಟದವರು ಕೊನೆಗೂ ಒಂದು ಪ್ರಶ್ನೆ ಕೇಳಿದರು. "ಕಿತ್ಥೋಂ ಆಯೇ ಹೋ?" ಎಲ್ಲಿಂದ ಬಂದದ್ದು ಎಂದು. ಕರ್ನಾಟಕ ಎಂದೆ. ಬೆಂಗಳೂರು ಎನ್ನುತ್ತಾರೆ ಎಂದುಕೊಂಡರೆ, "ಬೀದರ್!" ಎಂದು ಕಣ್ಣರಳಿಸಿದರು. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಕತ್ತಿ ಹಿಡಿದು ತಲೆ ಕೇಳಿದಾಗ ಎದ್ದು ನಿಂತ ಐವರು ಪಂಜ್ ಪ್ಯಾರೇ. ಒಬ್ಬ ಲಾಹೋರಿನವನು, ಒಬ್ಬ ಹಸ್ತಿನಾಪುರದವನು, ಒಬ್ಬ ಪುರಿಯವನು, ಒಬ್ಬ ದ್ವಾರಕೆಯವನು. ಐದನೆಯವನು ಬೀದರಿನ ಕ್ಷೌರಿಕ ಸಾಹಿಬ್ ಚಂದ್, ಆಮೇಲೆ ಭಾಯಿ ಸಾಹಿಬ್ ಸಿಂಗ್. ಬಸವಣ್ಣನ ಕಲ್ಯಾಣ ಇರುವ ಅದೇ ಜಿಲ್ಲೆ. ನಾನು ಶಾಲೆಯಲ್ಲಿ ಇದನ್ನು ಓದಿದ ನೆನಪಿಲ್ಲ, ಬೀದರನ್ನು ಅಲ್ಲಿಯವರೆಗೆ ನೋಡಿಯೂ ಇರಲಿಲ್ಲ. ಮುದುಕರು ನನ್ನೆರಡು ಕೈ ಹಿಡಿದು ಹಣೆಗೆ ಒತ್ತಿಕೊಂಡರು, ನಾನೇ ಸಾಹಿಬ್ ಸಿಂಗರ ಮೊಮ್ಮಗ ಎಂಬಂತೆ. ಸುಮ್ಮನಿದ್ದೆ. ಆ ಕ್ಷೌರಿಕ ನಮ್ಮೂರ ತೇರಿಗೆ ಬಂದಿದ್ದರೆ ಅವನಿಗೆ ಎಲೆ ಎಲ್ಲಿ ಬೀಳುತ್ತಿತ್ತು ಎಂದು ಅವರಿಗೆ ಹೇಳಲಿಲ್ಲ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಒಲೆಯ ಕೆಂಡ ಬೂದಿ ಹೊದ್ದಿತ್ತು. ಸುಲಿಯುವವರ ಮಾತು ಚಪ್ಪರದಡಿ ಸಣ್ಣಗೆ ನಡೆದಿತ್ತು. ಅವನು ಬೀಡಿಗೆ ಕೆಂಡ ಮುಟ್ಟಿಸಿ, ಹೊಗೆ ಬಿಟ್ಟು, ಬೆಂಕಿಯನ್ನೇ ನೋಡುತ್ತ ಕೇಳಿದ: "ಆ ಖೀರು ಅಷ್ಟು ಬಿಸಿ ಏನೂ ಇರಲಿಲ್ಲ, ಅಲ್ಲನಾ?"

ನಾನು ಮಾತಾಡಲಿಲ್ಲ.

"ಆವತ್ತು ತೇರಿನಲ್ಲಿ ಯಾವ ಪಾಯಸ ಮಾಡಿದ್ರು?"

"ಕಡ್ಲೆಬೇಳೆದು."

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು" ಎಂದೆ. ಬೇರೆ ಏನು ಹೇಳಲೂ ಬಾಯಿ ಬರಲಿಲ್ಲ.

"ಹೊರಗಿನ ಸಾಲಿಗೆ ಬರುವ ಹೊತ್ತಿಗೆ ಮುಗಿದಿತ್ತು" ಎಂದ. ಆಮೇಲೆ ಎದ್ದು, ಹಂಡೆಯಿಂದ ಒಂದು ಅಡಿಕೆ ತೆಗೆದು, ಬಿಸಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತ ಉಗುರಿನಲ್ಲಿ ಒತ್ತಿ ನೋಡಿದ. "ಬೆಂದಿದೆ ಕಣೋ. ತೆಗಿ."